ಮಾಮ ಬರೆದುಕೊಳ್ಳದ ಸೋಮಾಲಿ ವಾಕ್ಯ

ನನ್ನ ಸೋದರಮಾವನನ್ನು ಊಟಕ್ಕೆ ಕರೆಯುವವರಿಗೆ ನನ್ನದೊಂದು ಸಲಹೆ: ನೀರನ್ನು ಸ್ಟೀಲ್ ಲೋಟದಲ್ಲೇ ಕೊಡಿ. ಗಾಜಿನದು ಕೊಟ್ಟಿರೋ, ಸಂಶೋಧನೆಗೆಂದು ಒಡೆದುಹಾಕುವ ಮನುಷ್ಯ ಅವರು!

ಮಾಮ ಮ್ಯಾನ್‌ಹಟನ್‌ನಲ್ಲಿ ಭಾಷಾವಿಜ್ಞಾನದ ಮೇಷ್ಟ್ರು, ವಾಸ ನಮ್ಮ ಜೊತೆ. ಮೈಸೂರಿನವರಾದರೂ ಕನ್ನಡ ಬಿಟ್ಟು ಸೋಮಾಲಿ ಹಿಡಿದಿದ್ದಾರೆ. ಅದರಲ್ಲಿ ಸಂದರ್ಭ ನೋಡಿಕೊಂಡು ವಾಕ್ಯದ ಪದಗಳು ಜಾಗ ಬದಲಾಯಿಸುತ್ತವಂತೆ. ‘ಲೋಟ ಒಡೆದದ್ದು ಯಾರು?’ ಎಂದು ಕೇಳಿದರೆ ಉತ್ತರಕ್ಕೆ ಒಂದು ಜೋಡಣೆ, ‘ಅವನು ಏನು ಒಡೆದ?’ ಎಂದರೆ ಇನ್ನೊಂದು. ಸರಿ, ಒಡೆದಂತೆ ಊಹಿಸಿಕೊಂಡು ಹೇಳಿಸಬಾರದೇ? ಊಹೂಂ!

“ಊಹಿಸಿಕೊಂಡು ಹೇಳಿದ್ದು ಬಾಯಿಪಾಠ ಕಣೇ ಪುಟ್ಟಿ. ಕಣ್ಣೆದುರೇ ನಡೀಬೇಕು. ಆಗ ಬಾಯಿಂದ ಜಾರುತ್ತಲ್ಲ, ಅದು ಭಾಷೆ!”

ಜಾರಿಸಿಕೊಳ್ಳಬೇಕಾದ ಬಾಯಿ ಒಂದೇ. ಭಾನುವಾರಗಳಂದು ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಬರುತ್ತಿದ್ದ ಸೋಮಾಲಿಯಾದ ಟ್ಯಾಕ್ಸಿ ಡ್ರೈವರ್ ಒಬ್ಬರದು. ಭೂಮಿತೂಕದ ತಾಳ್ಮೆಯ ಮನುಷ್ಯ. ಅವರೆದುರು ಅಮ್ಮನ ಆರು ಲೋಟಗಳು ವಿಜ್ಞಾನಕ್ಕೆ ಬಲಿಯಾದವು.

“ಅವರ ಮನೇಲಿ ಲೋಟ ಇಲ್ವೇನೋ?” ಎಂದು ಅಮ್ಮ ಸಿಡುಕಿದಳು.

“ಅವರ ಹೆಂಡ್ತಿ ಬಿಡಲ್ಲ, ಅಕ್ಕ!”

ಇನ್ನೊಮ್ಮೆ ಮಾಮ ಬರಿಗಾಲಲ್ಲಿ ಹಿಮದೊಳಗೆ ಹೋಗಿ ನಿಂತು, “ಹೊರಗೆ ನಿಂತಿರೋದು ಯಾರು?” ಎಂದು ಸೋಮಾಲಿಯಲ್ಲಿ ಕೂಗಿದರು. ಡ್ರೈವರ್ ಗಾಬರಿಯಿಂದ ಬಾಗಿಲು ತೆಗೆದು, “ನೀವೇ ಸರ್! ನಿಮಗೇನು ಹುಚ್ಚೇ?” ಎಂದು ಕಿರುಚಿದರು. ಮಾಮ ಕುಂಟುತ್ತಾ ಒಳಬಂದರು. ದುಃಖ ಕಾಲಿನದಲ್ಲ. “ಇಂಗ್ಲಿಷಲ್ಲಿ ಹೇಳಿಬಿಟ್ಟನಲ್ಲೇ!”

ಹೀಗಿರುವಾಗ ಡ್ರೈವರ್ ಊರು ಬಿಟ್ಟು ತಮ್ಮ ಮಗಳ ಹತ್ತಿರ ಮಿನೆಸೋಟಾಗೆ ಹೊರಟರು. ಹಿಂದಿನ ದಿನ, “ಕೊನೇ ಸಲ ನಾನೇ ಮನೆಗೆ ಬಿಡ್ತೀನಿ” ಎಂದು ಮಾಮನಿಗಾಗಿ ಸೀಕಾಕಸ್ ರೈಲ್ವೆ ಸ್ಟೇಷನ್ನಿಗೆ ಬಂದರು. ಮಾಮನ ಪಟ್ಟಿಯಲ್ಲಿ ಒಂದೇ ಒಂದು ಉತ್ತರ ಬಾಕಿ. ಅದಿಲ್ಲದೆ ಎರಡು ವರ್ಷದ ಕೆಲಸ ಪೂರ್ತಿಯಾಗದು. ಮಾಮ ಬಂದ ರೈಲಿನಲ್ಲೇ ಆಫೀಸಿನಿಂದ ಬಂದಿದ್ದ ನಾನೂ ಹಿಂದಿನ ಸೀಟಿನಲ್ಲಿ ಮಾಮನ ಪಕ್ಕ ಕೂತೆ. ಹೊರಗೆ ಮಳೆ, ಟರ್ನ್‌ಪೈಕ್ ಹೆದ್ದಾರಿ ತುಂಬ ಟ್ರಕ್ಕುಗಳು. ನನಗೆ ತೂಕಡಿಕೆ.

ಇದ್ದಕ್ಕಿದ್ದಂತೆ ಮಾಮ ಸೋಮಾಲಿಯಲ್ಲಿ ಗಂಟಲು ಹರಿಯುವಂತೆ ಕೂಗಿದರು: “ಅಯ್ಯೋ! ಅಡ್ಡ ಬಂದದ್ದು ಯಾರು?”

ಯಾರೂ ಬಂದಿರಲಿಲ್ಲ! ಉತ್ತರ ಬಾಯಿಂದ ಜಾರಬೇಕಿತ್ತು, ಜಾರಿದ್ದು ಕಾರು. ಡ್ರೈವರ್ ಬ್ರೇಕ್ ಒತ್ತಿದ್ದೇ ತಡ, ಕಾರು ಗಿರ್ರನೆ ತಿರುಗಿತು. ನನ್ನ ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಟ್ರಕ್ಕಿನ ಚಕ್ರ. ಒಂದೊಂದು ನಟ್ಟೂ ಕಂಡಿತು. ಈಗಲೂ ಮನೆಯಲ್ಲಿ ಮಿಕ್ಸಿ ಹಾಕಿದರೆ ನನ್ನ ಕಣ್ಣಮುಂದೆ ಆ ನಟ್ಟುಗಳೇ. ಕಾರು ರಸ್ತೆಬದಿಯ ತಡೆಕಂಬಿಗೆ ಉಜ್ಜಿಕೊಂಡು ನಿಂತಿತು. ಸ್ಟಿಯರಿಂಗ್ ಹಿಡಿದುಕೊಂಡೇ ಡ್ರೈವರ್ ಸೋಮಾಲಿಯಲ್ಲಿ ಒಂದು ಉದ್ದನೆಯ ವಾಕ್ಯ ಹೇಳಿದರು. ಬಾಯಿಪಾಠವಲ್ಲ, ಊಹೆಯಲ್ಲ. ಅಪ್ಪಟ ಭಾಷೆ!

ಮೂವರೂ ಇಳಿದು ತಡೆಕಂಬಿಯ ಆಚೆ ಹುಲ್ಲಿನ ಮೇಲೆ ನಿಂತೆವು. ಡ್ರೈವರ್ ಮುಖದ ಮಳೆನೀರು ಒರೆಸಿಕೊಂಡು ನಕ್ಕರು. “ಬರ್ಕೊಳ್ಳಿ ಸರ್. ಇಂಥದ್ದು ಮತ್ತೆ ಸಿಗಲ್ಲ.”

“ನನಗೆ ಕೇಳಿಸಲಿಲ್ಲ,” ಎಂದರು ಮಾಮ. ಸುಳ್ಳು! ಆಮೇಲೆ ನೆಲ ನೋಡುತ್ತಾ, “ತಪ್ಪಾಯ್ತು, ನಂದೇ ತಪ್ಪು,” ಎಂದರು. ಅವರ ಲೇಖನ ಇವತ್ತಿಗೂ ಮುಗಿದಿಲ್ಲ.

ಟೋ ಟ್ರಕ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಸಂಜೆಯನ್ನು ಮನಸ್ಸು ಎಷ್ಟು ಸಲ ತಿರುಗಿಸಿ ಹಾಕಿದರೂ ನನಗೆ ಕಾಣುತ್ತಿದ್ದದ್ದು ಚಕ್ರವೊಂದೇ. ಮೊನ್ನೆ ಮೊನ್ನೆ ಉಳಿದದ್ದೂ ಕಂಡಿತು. ಅಷ್ಟು ಹೊತ್ತೂ ಮಾಮ ರಸ್ತೆಗೆ ಬೆನ್ನು ಮಾಡಿ, ನನಗೂ ಟ್ರಕ್ಕುಗಳಿಗೂ ನಡುವೆ ನಿಂತಿದ್ದರು. ನಾನು ಆಚೆ ಸರಿದರೆ ಅವರೂ ಸರಿಯುತ್ತಿದ್ದರು. ಹಾದುಹೋದ ಪ್ರತಿ ಗಾಡಿಯೂ ಅವರ ಬೆನ್ನಿಗೇ ಕೆಸರು ಎರಚಿತು. ಇಪ್ಪತ್ತೇಳು ವರ್ಷದ ನನ್ನ ಕಿರುಬೆರಳನ್ನು ಅವರು ಹಿಡಿದುಕೊಂಡಿದ್ದರು. ನಡುಗುತ್ತಿದ್ದದ್ದು ನನ್ನ ಕೈ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.