ಮೊಸರಲ್ಲದ ಬಲ್ಗೇರಿಯಾ

ನಮ್ಮ ಭಾವನವರಿಗೆ ಕೋಪ ಬರುವುದೇ ಇಲ್ಲ. ನಂಬಿ! ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲವೇ? ಬಲ್ಗೇರಿಯಾದ ಸೋಫಿಯಾದಲ್ಲಿ ಓದುತ್ತಿದ್ದಾಗ ಬಂದ ಕೋಪ ಇವತ್ತಿಗೂ ಅವರ ಮೂಗಿನ ತುದಿಯಲ್ಲೇ ಠಿಕಾಣಿ ಹೂಡಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಮೈಸೂರಿನವರು, ಬ್ರಹ್ಮಚಾರಿ, ಕ್ಯೋಟೋದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಾರೆ. ಬಿಡುವಾದಾಗ ಮೃದಂಗ. ಆಗಾಗ ಶನಿವಾರ ಬೆಳಿಗ್ಗೆ ಬಸ್ಸಿಳಿದು ಫುನಾಬೊರಿಯ ನಮ್ಮ ಫ್ಲಾಟಿಗೆ ಬರುತ್ತಾರೆ. ಬಾಗಿಲು ತೆಗೆದರೆ, "ಹೇಗಿದ್ದೀಯಮ್ಮ?" ಅನ್ನುವ ಮಾತಿಲ್ಲ. "ನೋಡಿದ್ಯಾ ಈ ಜನಾನ!" ಎಂದೇ ಒಳಗೆ ಕಾಲಿಡುವುದು.

ಜನ ಮಾಡಿರುವ ಅಪರಾಧ ಏನು? ಬಲ್ಗೇರಿಯಾದ ಒಬ್ಬ ಸಂಗೀತಕಾರ ಯಾರೆಂದು ಅವರಿಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ ತಾನೇ? ಹಾಗಾದರೆ ನಿಮ್ಮ ಮೇಲೂ ಭಾವನವರಿಗೆ ಕೋಪವಿದೆ ಎಂದು ತಿಳಿಯಿರಿ.

ಜಪಾನಿನಲ್ಲಿ ಬಲ್ಗೇರಿಯಾ ಎಂದರೆ ಮೊಸರು. ಅಂಗಡಿಯ ತಣ್ಣನೆ ಕಪಾಟಿನಲ್ಲಿ ಆ ದೇಶದ ಹೆಸರು ಹೊತ್ತ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ನಮ್ಮಂಥವರು ಇಲ್ಲಿ ಮೊಸರನ್ನ ಕಲಸಿಕೊಂಡು ಬದುಕಿರುವುದೇ ಅದರ ದಯೆಯಿಂದ. ಆದರೆ ಭಾವ ಯಾರ ಮುಂದಾದರೂ, "ನಾನು ಬಲ್ಗೇರಿಯಾದಲ್ಲಿದ್ದೆ" ಎಂದರೆ ಸಾಕು, ಅವರ ಮುಖ ಅರಳಿ, "ಓ, ಮೊಸರು!" ಎನ್ನುತ್ತಾರೆ. ಭಾವ ಉರಿದುಬೀಳುತ್ತಾರೆ. ಆ ಸಿಟ್ಟನ್ನು ತೀರಿಸಿಕೊಳ್ಳುವುದು ಎಲ್ಲಿ? ನನ್ನ ಫ್ರಿಜ್ಜಿನಲ್ಲಿ! ಡಬ್ಬಿಯ ಹೆಸರನ್ನು ಗೋಡೆಗೆ ತಿರುಗಿಸಿಟ್ಟರು. ನಾನು ಈ ಕಡೆ ತಿರುಗಿಸಿದೆ. ಮುಂದಿನ ಸಲ ಬಂದಾಗ ಬಿಸಿನೀರು ಹಾಕಿ ಹೆಸರಿನ ಕಾಗದವನ್ನೇ ಕಿತ್ತುಹಾಕಿದರು.

"ಭಾವ, ಇದು ನನ್ನ ಅಡುಗೆಮನೆ!"

"ಒಂದು ದೇಶಾನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದಾರಲ್ಲಮ್ಮ, ನಿನಗೆ ಹೊಟ್ಟೆ ಉರಿಯಲ್ವಾ?"

"ನನಗೆ ಹಸಿವಾದ್ರೆ ಮಾತ್ರ ಹೊಟ್ಟೆ ಉರಿಯೋದು!"

ಇವರಿಗೂ ಆ ಸಂಗೀತಕಾರನಿಗೂ ಏನು ನಂಟು ಅಂತೀರಾ? ಬಾಡಿಗೆದಾರ ಮತ್ತು ಮನೆ ಮಾಲೀಕ! ಭಾವ ಸೋಫಿಯಾದಲ್ಲಿ ರೂಮು ಹಿಡಿದದ್ದು ಆ ಮುದುಕನ ಮನೆಯಲ್ಲಿ. ಬಲ್ಗೇರಿಯಾದ ಹಳ್ಳಿಯವರು ಏಳು ಎಣಿಕೆಯ ತಾಳಕ್ಕೆ ಕುಣಿಯುತ್ತಾರಂತೆ. ಮುದುಕ ಹುಡುಗನಾಗಿದ್ದಾಗ ಹಳ್ಳಿ ಹಳ್ಳಿ ಅಲೆದು ಅದನ್ನು ಕಲಿತು, ಆಮೇಲೆ ದೊಡ್ಡ ವಾದ್ಯವೃಂದಕ್ಕೆಂದು ಅದೇ ತಾಳದಲ್ಲಿ ಒಂದು ಕೃತಿ ಬರೆದ. ಆಗಿನ ಅಧಿಕಾರಿಗಳಿಗೆ ಬೇಕಿದ್ದದ್ದು ಸೈನಿಕರ ನಡಿಗೆಯ ಸಂಗೀತ. "ಮನುಷ್ಯನಿಗೆ ಇರುವುದು ಎರಡು ಕಾಲು. ಏಳು ಎಣಿಸಿ ಹೆಜ್ಜೆ ಹಾಕಿದರೆ ಒಂದು ಕಾಲು ಗಾಳಿಯಲ್ಲಿ ಉಳಿಯುತ್ತೆ. ಅದನ್ನು ಎಲ್ಲಿಡಬೇಕು?" ಎಂದು ಕೇಳಿದರಂತೆ. ಮುದುಕ ಎಲ್ಲಿಡಬೇಕೆಂದು ಹೇಳಿಯೂಬಿಟ್ಟನಂತೆ! ಅಲ್ಲಿಗೆ ಮುಗಿಯಿತು. ಕೃತಿ ಪೆಟ್ಟಿಗೆ ಸೇರಿತು. ಮುದುಕ ಕೊನೆಯವರೆಗೂ ಮಕ್ಕಳಿಗೆ ಪಿಯಾನೋ ಪಾಠ ಹೇಳಿಕೊಂಡು ಉಳಿದ.

ಒಂದು ದಿನ ಭಾವ ತಮ್ಮ ರೂಮಿನಲ್ಲಿ ಮೇಜು ಬಡಿಯುತ್ತಾ ಏಳೆಣಿಕೆಯ ಮಿಶ್ರಛಾಪು ತಾಳ ನುಡಿಸುತ್ತಿದ್ದರು. ಮುದುಕ ಬಾಗಿಲು ದೂಡಿಕೊಂಡು ಬಂದ. "ನಮ್ಮ ಏಳು ನಿನಗೆ ಯಾರು ಕೊಟ್ಟರು?"

"ನಿಮ್ಮದಾ? ನಮ್ಮ ಮೈಸೂರಿನಲ್ಲಿ ಮಕ್ಕಳೂ ಇದನ್ನ ಹಾಕ್ತವೆ!"

ತಗೊಳ್ಳಿ, ಶುರುವಾಯಿತು. ಏಳು ಯಾರ ಮನೆಯ ಆಸ್ತಿ ಎಂದು ಭಾವ ಅಲ್ಲಿರುವವರೆಗೂ ದಿನಾ ಜಗಳ. ಊಟ ಮಾಡುತ್ತಾ ಜಗಳ, ಬಟ್ಟೆ ಒಣಗಿಸುತ್ತಾ ಜಗಳ. ಜಗಳ ಆಡಿ ಸುಸ್ತಾದಾಗ ಮುದುಕ ತನ್ನ ಕೃತಿಯನ್ನು ಗುನುಗುವುದು, ಭಾವ ಮೇಜು ಬಡಿಯುವುದು. ಇಡೀ ಜಗತ್ತಿನಲ್ಲಿ ಆ ಕೃತಿ ನಡೆದದ್ದು ಆ ಅಡುಗೆಮನೆಯ ಮೇಜಿನ ಮೇಲೆ ಮಾತ್ರ. ಒಂದೇ ಒಂದು ವಾದ್ಯವೃಂದವೂ ಅದನ್ನು ನುಡಿಸಲಿಲ್ಲ. ಬರೆದವನೇ ಅದನ್ನು ಪೂರ್ತಿಯಾಗಿ ಕೇಳದೆ ಸತ್ತ. ಭಾವ ಸೋಫಿಯಾ ಬಿಟ್ಟು ಹೊರಡುವಾಗ ಅದರ ಒಂದು ಪ್ರತಿಯನ್ನು ಅವರ ಕೈಗಿಟ್ಟು, "ಎಲ್ಲಾದರೂ ಸರಿ, ನುಡಿಸು" ಅಂದಿದ್ದನಂತೆ. ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದ ಮೃದಂಗದವರಿಗೆ ಇಂಥ ಕೆಲಸ ಒಪ್ಪಿಸಿ ಹೋದನಲ್ಲ, ಆ ಮುದುಕನ ಮೇಲೆ ನನಗೇ ಕೋಪ ಬರುತ್ತದೆ!

ಭಾವ ಸುಮ್ಮನಿದ್ದಾರೆಯೇ? ನಮ್ಮ ಯುಗಾದಿ ಕೂಟದಲ್ಲಿ ಮೈಕು ಹಿಡಿದು, ಕೃತಿಯನ್ನು ತಾವೇ ಗುನುಗುತ್ತಾ ತೊಡೆ ತಟ್ಟಿಕೊಂಡು ನಿಂತುಬಿಟ್ಟರು. ಮುಂದೆ ಕೂತಿದ್ದ ಮಕ್ಕಳು ಓಡಿದವು. ಕಾರ್ಯದರ್ಶಿ ಹತ್ತಿರ ಬಂದು, "ಡಾಕ್ಟ್ರೇ, ಸೂಪರ್. ಬಟ್ ಬಿಸಿಬೇಳೆಬಾತ್ ಆರ್ತಾ ಇದೆ" ಎಂದರು. ಆ ಮನುಷ್ಯನ ಜೊತೆ ಭಾವ ಈಗಲೂ ಮಾತಾಡುವುದಿಲ್ಲ.

ಕೊನೆಗೆ ದಾರಿ ತೆರೆದದ್ದು ನಮ್ಮ ಪಕ್ಕದ ಮನೆಯ ಓನಿಷಿ ಸಾನ್. ಆಕೆ ನಮ್ಮ ಬಡಾವಣೆಯ ಹವ್ಯಾಸಿ ವಾದ್ಯವೃಂದದಲ್ಲಿ ವಯೋಲಾ ನುಡಿಸುತ್ತಾರೆ. ಅವರ ಕೈಕಾಲು ಹಿಡಿದು ಕೃತಿಯನ್ನು ವಸಂತದ ಕಛೇರಿಗೆ ಸೇರಿಸಿದ್ದು ಯಾರು? ನಾನು! ಮೊದಲ ಅಭ್ಯಾಸಕ್ಕೇ ಭಾವ ಹೋಗಿ ಕೂತರು. ಮೊದಲ ಪುಟದಲ್ಲೇ ಎಲ್ಲರೂ ಏಳಕ್ಕೆ ಎಡವಿ ಎಂಟಕ್ಕೆ ಬಿದ್ದರು. ಭಾವ ಎದ್ದು ನಿಂತು, "ಇದೇನು ಸಂಗೀತವಾ, ರೈಲ್ವೆ ಸ್ಟೇಷನ್ನಿನ ಗಂಟೆಯಾ?" ಎಂದು ಶುದ್ಧ ಜಪಾನೀಸಿನಲ್ಲಿ ಕೂಗಿದರು. ಒಬ್ಬರ ಮೊಬೈಲು ಸದ್ದು ಮಾಡಿದರೆ ಇಡೀ ಬೋಗಿ ನೆಲ ನೋಡುವ ಊರಿನಲ್ಲಿ! ವೃಂದದ ನಿರ್ದೇಶಕರು ತಲೆ ಓರೆ ಮಾಡಿ, ಉಸಿರೆಳೆದು, "ಚೊತ್ತೋ…" ಎಂದರು. ಚೊತ್ತೋ ಎಂದರೆ ಸ್ವಲ್ಪ. ಅದನ್ನು ಅರ್ಧಕ್ಕೇ ಬಿಟ್ಟರೆ ಇಲ್ಲಿ 'ಆಗುವುದಿಲ್ಲ' ಎಂದೇ ಲೆಕ್ಕ. ಇಷ್ಟು ವರ್ಷ ಇಲ್ಲಿದ್ದೂ ಭಾವ, "ಸ್ವಲ್ಪ ಟೈಮ್ ಬೇಕಂತೆ" ಎಂದುಕೊಂಡು ಖುಷಿಯಾಗಿ ಬಂದರು. ಮಾರನೆಯ ದಿನ ಓನಿಷಿ ಸಾನ್ ನನ್ನ ಮುಂದೆ ಬಗ್ಗಿ ಬಗ್ಗಿ ಕ್ಷಮೆ ಕೇಳಿ, ಕೃತಿಯನ್ನು ಕೈಬಿಟ್ಟ ಸುದ್ದಿ ಹೇಳಿದರು.

ನನ್ನ ರಕ್ತ ಕುದಿಯಿತು. ಗಂಡನ ಅಣ್ಣ ಎನ್ನುವುದನ್ನೂ ಮರೆತು ಫೋನಿನಲ್ಲಿ ಬೈದೆ. "ಆ ಅಧಿಕಾರಿಗಳು ಒಂದು ಸಲ ಪೆಟ್ಟಿಗೆಗೆ ಹಾಕಿದ್ರು. ಈಗ ನೀವು ಹಾಕಿದ್ರಿ! ಬನ್ನಿ, ಕ್ಷಮೆ ಕೇಳಿ!"

"ಬರ್ತೀನಮ್ಮ" ಎಂದರು ಭಾವ.

ಇಲ್ಲಿಯ ಪದ್ಧತಿಯಂತೆ ಸಿಹಿಯ ಪೊಟ್ಟಣ ಹಿಡಿದು ಇಬ್ಬರೂ ವೃಂದದ ಅಭ್ಯಾಸಕ್ಕೆ ಹೋದೆವು. ಭಾವ ಬಗ್ಗಿದರು. ಅವರು ಬಗ್ಗಿದ್ದನ್ನು ನೋಡಿ ನಿರ್ದೇಶಕರು ಇನ್ನೂ ಕೆಳಗೆ ಬಗ್ಗಿದರು. ಇಡೀ ವೃಂದ ಬಗ್ಗಿತು. ಮೊದಲು ಏಳುವವರು ಯಾರು? ಯಾರೂ ಏಳಲೊಲ್ಲರು! ನಾನೇ ಭಾವನ ಕೋಟು ಹಿಡಿದು ಮೇಲಕ್ಕೆಳೆದೆ. ಆಗ ನಿರ್ದೇಶಕರು ಹೇಳಿದರು, ಕೂಗಿದ್ದಕ್ಕೆ ಬಿಟ್ಟದ್ದಲ್ಲವಂತೆ. ತಮಗೆ ಏಳು ಎಣಿಸಲು ಬಾರದೆ, ಸತ್ತವರ ಕೃತಿಯನ್ನು ಕೆಡಿಸಲು ನಾಚಿಕೆಯಾಯಿತಂತೆ. ಭಾವ ನೆಲದ ಮೇಲೆ ಕೂತು, ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಹಾಗೆ "ತಕಿಟ ತಕಧಿಮಿ" ಶುರುಮಾಡಿದರು. ಪ್ರತಿ ವಾರ ಅವರು ತಾಳ ಹೇಳಿಕೊಟ್ಟ ಕೂಡಲೇ, ಬಾಯಿ ತೆರೆಯುವ ಮೊದಲೇ, ನಾನು ಅವರನ್ನು ಹೊರಗೆಳೆದುಕೊಂಡು ಬರುತ್ತಿದ್ದೆ. ವೃಂದ ವಾದ್ಯ ಹಿಡಿದು ನುಡಿಸುವುದನ್ನು ಕೇಳಲು ಅವರನ್ನು ಒಂದು ಸಲವೂ ಬಿಡಲಿಲ್ಲ.

ಕಛೇರಿಯ ದಿನ ಭಾವ ಪೂರ್ತಿ ಕೃತಿಯನ್ನು ಮೊದಲ ಸಲ ಕೇಳಿದರು. ವೃಂದ ಎರಡು ಕಡೆ ಎಡವಿತು, ಎದ್ದಿತು. ಕೊನೆಯಲ್ಲಿ ತುತ್ತೂರಿಗಳೆಲ್ಲ ಒಟ್ಟಿಗೆ ಮೊಳಗಿದವು. ಜನ ತುಂಬಾ ಹೊತ್ತು ಚಪ್ಪಾಳೆ ತಟ್ಟಿದರು. ಓನಿಷಿ ಸಾನ್ ವೇದಿಕೆಯಿಂದಲೇ ನಮ್ಮನ್ನು ಹುಡುಕುತ್ತಿದ್ದರು. ನಾನು ತಿರುಗಿ ನೋಡಿದರೆ ಭಾವನ ಮುಖ ಕೆಂಪಾಗಿತ್ತು.

ನನಗೆ ಸಹನೆ ಮೀರಿತು. "ಇನ್ನೂ ಏನು ಕೋಪ ಭಾವ? ನುಡಿಸಿದ್ರಲ್ಲ!"

"ಕೊನೇಲಿ ಅಷ್ಟೊಂದು ತುತ್ತೂರಿ ಯಾಕೆ ಬೇಕಿತ್ತಮ್ಮ? ಅದರ ಕೆಳಗೆ, ಮುದುಕ ಗುನುಗ್ತಿದ್ದ ಅಷ್ಟು ಚೆನ್ನಾಗಿರೋ ಕೊಳಲು ಪೂರ್ತಿ ಮುಚ್ಚಿಹೋಯ್ತು. ಮುದುಕ ತಪ್ಪು ಮಾಡಿದ. ಮೇಜಿನ ಮೇಲೆ ಅದು ಗೊತ್ತಾಗ್ತಾನೇ ಇರಲಿಲ್ಲ. ಈಗ ಗೊತ್ತಾಯ್ತು, ಹೇಳೋಣ ಅಂದ್ರೆ… ಯಾರ ಹತ್ತಿರ ಹೋಗಿ ಜಗಳ ಆಡ್ಲಿ?"

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನಾನು ಅವರ ಕಡೆ ಪೂರ್ತಿ ತಿರುಗಿ ಕೂತೆ.

"ತುತ್ತೂರಿ ಇರಬೇಕಿತ್ತು ಭಾವ," ಅಂದೆ. "ನೀವು ಹೇಳ್ತಿರೋದೇ ತಪ್ಪು. ಆಡಿ ಜಗಳ."