ಹೌದಪ್ಪನ ಪ್ರಧಾನ ಶಕ್ತಿ

ಆ ಪ್ರಶ್ನೆಪತ್ರಿಕೆಗೆ ಹೌದಪ್ಪ ತಾನೇ ಉತ್ತರ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಸ್ವಂತವಾಗಿ ಒಂದು ತೀರ್ಮಾನ ಮಾಡಿ ಅವನಿಗೆ ಅಭ್ಯಾಸವೇ ಇರಲಿಲ್ಲ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಗುಮಾಸ್ತ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎನ್ನುವ ಪೈಕಿಯವನಾದ್ದರಿಂದ ಆ ಹೆಸರೇ ಅಂಟಿಕೊಂಡಿತ್ತು. ನೌಕರರ ಮನಸ್ಸು ಅಳೆಯಲೆಂದು ಮಾಲೀಕರು ಕರೆಸಿದ್ದ ತರಬೇತುದಾರ ಪ್ರಶ್ನೆಪತ್ರಿಕೆ ಹಂಚಿದಾಗ ಇವನು ಒಂದು ಪ್ರಶ್ನೆಗೆ ಲೆಕ್ಕದವನನ್ನು ಕೇಳಿದ, ಮುಂದಿನದಕ್ಕೆ ಟೈಪಿಸ್ಟ್ ಅಕ್ಕನನ್ನು, ಆಮೇಲೆ ಲಾರಿ ಡ್ರೈವರನ್ನು, ಆಮೇಲೆ ಅಂಟು ಕಾಯಿಸುವ ಅಜ್ಜನನ್ನು. ಕೊನೆಯ ತನಕ ಹೀಗೇ ಸರದಿಯ ಮೇಲೆ. ಯಾರಿಗೂ ಬೇಜಾರಾಗಬಾರದಲ್ಲ!

ಮರುದಿನ ಬೆಳಿಗ್ಗೆ ಮಾಲೀಕರ ಕೋಣೆಯಲ್ಲಿ ಫಲಿತಾಂಶ.

"ಮನಸ್ಸಿಗೆ ನಾಲ್ಕು ಶಕ್ತಿ," ಎಂದ ತರಬೇತುದಾರ. "ಯೋಚನೆ, ಭಾವನೆ, ಇಂದ್ರಿಯ, ಒಳಗಣ್ಣು. ಮನೆಗೊಬ್ಬ ಯಜಮಾನ ಇರೋ ಹಾಗೆ ನಾಲ್ಕರಲ್ಲಿ ಒಂದು ಯಜಮಾನಿಕೆ ಮಾಡುತ್ತೆ. ಅದೇ ಪ್ರಧಾನ ಶಕ್ತಿ."

ಲೆಕ್ಕದವನಿಗೆ ಯೋಚನೆ ಬಂತು. ಅಕ್ಕನಿಗೆ ಭಾವನೆ, ಡ್ರೈವರಿಗೆ ಒಳಗಣ್ಣು, ಅಜ್ಜನಿಗೆ ಇಂದ್ರಿಯ. ಹೌದಪ್ಪನ ಸರದಿ ಬಂದಾಗ ತರಬೇತುದಾರ ಕನ್ನಡಕ ತೆಗೆದು ಒರೆಸಿಕೊಂಡ. "ಇವರಿಗೆ ನಾಲ್ಕೂ ಸಮಸಮ. ಯಜಮಾನನೇ ಇಲ್ಲ."

"ಅಂದ್ರೆ ಒಳಗೆ ಯಾರೂ ಇಲ್ಲ ಅಂತಾಯ್ತು," ಎಂದರು ಮಾಲೀಕರು. "ವ್ಯಾಪಾರ ನೆಲ ಕಚ್ಚಿದೆ, ಒಬ್ಬರನ್ನ ಮನೆಗೆ ಕಳಿಸಲೇಬೇಕು. ಯಾರನ್ನ ಅಂತ ಒದ್ದಾಡ್ತಿದ್ದೆ. ನೋಡಪ್ಪಾ, ಸಂಜೆ ಒಳಗೆ ನಿನ್ನಲ್ಲಿ ಯಾವುದಾದ್ರೂ ಒಂದು ಶಕ್ತಿ ಇದೆ ಅಂತ ತೋರಿಸು. ಇಲ್ದಿದ್ರೆ ನಾಳೆಯಿಂದ ಬರಬೇಡ."

ಹೌದಪ್ಪನಿದ್ದದ್ದು ಮಾವನ ಮನೆಯಲ್ಲಿ. ಸಂಬಳ ತರುವ ಅಳಿಯನನ್ನೇ ಆ ಮಾವ ಮೂಲೆಯ ಹರಿದ ಕೊಡೆಯಂತೆ ನೋಡುತ್ತಿದ್ದರು. ಸಂಬಳವೂ ಹೋದರೆ ಹೆಂಡತಿ, ಮಗಳು ಮನೆಯೊಳಗೆ, ತಾನು ಬೀದಿಯಲ್ಲಿ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಾವಿಲ್ವಾ?" ಎಂದು ಎಲ್ಲರೂ ಮುತ್ತಿಕೊಂಡರು.

"ಯೋಚನೆ ತೋರಿಸು," ಎಂದ ಲೆಕ್ಕದವನು. "ಲಾಭ ನಷ್ಟ ತೂಗಿ, ಮುಲಾಜಿಲ್ಲದೆ ಒಂದು ಮಾತು ಹೇಳು." ಏನು ಹೇಳಬೇಕೆಂದೂ ಕಿವಿಯಲ್ಲಿ ಊದಿದ. ಹೌದಪ್ಪ ಒಳಗೆ ಹೋಗಿ ಗಿಳಿಪಾಠ ಒಪ್ಪಿಸಿದ: "ಸರ್, ಡಬ್ಬಿ ಮಾರಿ ಬರೋದಕ್ಕಿಂತ ಈ ಕಾರ್ಖಾನೆ ಸುಟ್ಟುಹೋದ್ರೆ ವಿಮೆಯಿಂದ ಬರೋದೇ ಜಾಸ್ತಿ."

ಮಾಲೀಕರು ಅವನನ್ನೇ ದಿಟ್ಟಿಸಿದರು. "ತೊಲಗು ಆಚೆ!" ಎಂದು ಗದರಿ ಬಾಗಿಲು ಹಾಕಿಕೊಂಡರು.

"ನಿನಗೆ ಯೋಚನೆ ಒಗ್ಗಲ್ಲ ಕಣೋ," ಎಂದಳು ಅಕ್ಕ. "ಭಾವನೆ ಅಂದ್ರೆ ಕರಗಬೇಕು. ಅಜ್ಜನ್ನ ತಬ್ಕೊಂಡು ನಾಲ್ಕು ಜನ ನೋಡೋ ಹಾಗೆ ಅಳು."

ಹೌದಪ್ಪ ಅಂಟಿನ ಕೋಣೆಗೆ ಹೋಗಿ ಅಜ್ಜನನ್ನು ತಬ್ಬಿಕೊಂಡು ಗೊಳೋ ಎಂದ. "ಅಯ್ಯೋ ಅಜ್ಜಾ, ನಿಮಗೆ ಇಂಥಾ ಗತಿ ಬರಬಾರದಿತ್ತು!"

"ಯಾವ ಗತಿ? ನಾನಿನ್ನೂ ಗಟ್ಟಿಯಾಗೇ ಇದ್ದೀನಲ್ಲೋ!" ಎಂದ ಅಜ್ಜ. ಅಷ್ಟರಲ್ಲಿ ಯಾರೋ ಹೋಗಿ ಅಜ್ಜನಿಗೆ ಏನೋ ಆಯಿತಂತೆ ಎಂದು ಹಬ್ಬಿಸಿದ್ದರಿಂದ ಮೂರು ಯಂತ್ರಗಳು ನಿಂತುಹೋದವು. ಮೇಸ್ತ್ರಿ ಬಂದು ಹೌದಪ್ಪನ ಜನ್ಮ ಜಾಲಾಡಿದ.

ಊಟದ ಹೊತ್ತಿಗೆ ಡ್ರೈವರ್ ಒಳಗಣ್ಣಿನ ಗುಟ್ಟು ಹೇಳಿಕೊಟ್ಟ. "ಕಣ್ಣು ಮುಚ್ಕೊಂಡು, ಇವತ್ತು ಇಲ್ಲಿ ಏನೋ ಕೆಟ್ಟದ್ದಾಗುತ್ತೆ ಅನ್ನು. ಎಲ್ಲಾದ್ರೂ ಏನಾದ್ರೂ ಕೆಟ್ಟೇ ಕೆಡುತ್ತೆ. ಆಗ ನೀನೇ ಗೆದ್ದೆ." ಹೌದಪ್ಪ ಹಾಗೇ ಅಂದ. ಇಬ್ಬರು ಹೆಂಗಸರು ಡಬ್ಬಿ ಮುಚ್ಚಿ ಊಟ ಬಿಟ್ಟೆದ್ದರು. ಉಳಿದವರು ಅವನಿಗೆ ಬೆನ್ನು ತಿರುಗಿಸಿಕೊಂಡು ಉಂಡರು.

ಉಳಿದದ್ದು ಇಂದ್ರಿಯ. "ಮೂಗು ಚುರುಕಾಗಿಟ್ಕೊಂಡು ಎಲ್ಲಾ ಕಡೆ ಸುತ್ತು," ಎಂದಿದ್ದ ಅಜ್ಜ. ಹೌದಪ್ಪ ಮೂಸುತ್ತ ಮೂಸುತ್ತ ಅಂಟಿನ ಕೋಣೆಯ ಬಾಗಿಲಿಗೆ ಬಂದ. ಅಲ್ಲಿ ಅವನ ಕಾಲು ನಿಂತಿತು. ಸೀಮೆಎಣ್ಣೆಯ ವಾಸನೆ, ಅದರ ಹಿಂದೆಯೇ ರಟ್ಟು ಸುಡುವ ವಾಸನೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಅವನಿಗೆ ತನ್ನದೇ ಆದ ಒಂದು ವಿಷಯ ಗೊತ್ತಾಗಿತ್ತು.

"ಬೆಂಕಿ! ಎಲ್ಲರೂ ಆಚೆ ಬನ್ನಿ!" ಎಂದು ಕೂಗಿದ.

ಎಲ್ಲರೂ ಬಿದ್ದುಬಿದ್ದು ನಕ್ಕರು. "ಈಗ ಮೂಗಿನ ಸರದಿ!"

ಅವನು ಒಳಗೆ ನುಗ್ಗಿ ಅಜ್ಜನ ಕೈ ಹಿಡಿದೆಳೆದ. ದಿನವಿಡೀ ಅಂಟಿನ ಹೊಗೆ ಕುಡಿದಿದ್ದ ಅಜ್ಜನ ಮೂಗಿಗೆ ಏನೂ ಹತ್ತಿರಲಿಲ್ಲ; ನಗುತ್ತ ಕೈ ಬಿಡಿಸಿಕೊಂಡ. "ಚೆನ್ನಾಗಿ ಮಾಡ್ತಿದ್ದೀಯ ಮಗಾ. ಮಾಲೀಕರ ಕೋಣೆ ಹತ್ರ ಹೋಗಿ ಇನ್ನೂ ಜೋರಾಗಿ ಕೂಗು."

ಹೌದಪ್ಪ ಅತ್ತ ಓಡಿದ. ಹಿಂದೆ ದಡ್ ಎಂದು ಸದ್ದಾಯಿತು. ರಟ್ಟಿನ ಮನೆಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು? ಎಲ್ಲರೂ ಬೀದಿಗೆ ಓಡಿಬಂದರು. ಅಜ್ಜ ಮಾತ್ರ ಬರಲಿಲ್ಲ.

ಸಂಜೆ ಬೂದಿಯ ಮುಂದೆ ಇನ್‌ಸ್ಪೆಕ್ಟರ್ ವಿಚಾರಣೆ ಶುರುಮಾಡಿದರು.

"ಬೆಳಿಗ್ಗೆ ವಿಮೆ ಮಾತು ತೆಗೆದವನು ಇವನೇ ಸರ್," ಎಂದ ಲೆಕ್ಕದವನು.

"ಅಜ್ಜನ್ನ ತಬ್ಕೊಂಡು ಆಗಲೇ ಅತ್ತಿದ್ದ," ಎಂದು ಅಕ್ಕ ಬಿಕ್ಕಿದಳು.

"ಕೆಟ್ಟದ್ದಾಗುತ್ತೆ ಅಂತ ಊಟದ ಹೊತ್ತಲ್ಲೇ ಅಂದಿದ್ದ," ಎಂದ ಡ್ರೈವರ್, ನೆಲ ನೋಡುತ್ತ. ಹೇಳಿಕೊಟ್ಟವರು ಯಾರು ಎಂಬುದನ್ನು ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ತಂತಮ್ಮ ಕುತ್ತಿಗೆ ಎಲ್ಲರಿಗೂ ಬೇಕಾದದ್ದೇ.

"ಅದೆಲ್ಲ ಇವರು ಹೇಳಿಕೊಟ್ಟಿದ್ದು ಸರ್!" ಎಂದು ಹೌದಪ್ಪ ಕೈ ಮುಗಿದ. "ನನ್ನ ತಲೇಲಿ ಸ್ವಂತದ್ದು ಏನೂ ಇಲ್ಲ. ಬೇಕಾದ್ರೆ ಆ ತರಬೇತಿ ಸರ್‌ನ ಕೇಳಿ!"

ತರಬೇತುದಾರ ತಲೆಯಾಡಿಸಿದ. "ನಾನು ಫಲಿತಾಂಶ ತಪ್ಪಾಗಿ ಓದಿದೆ ಸರ್. ನಾಲ್ಕೂ ಸಮ ಅಂದ್ರೆ ನಾಲ್ಕೂ ಅಷ್ಟೇ ಜೋರು. ಇಂಥವರು ಏನು ಬೇಕಾದ್ರೂ ಮಾಡ್ತಾರೆ."

ಹೌದಪ್ಪನನ್ನು ಜೀಪಿನ ಹಿಂಬದಿಯಲ್ಲಿ ಕೂರಿಸಿದರು. ಮಾಲೀಕರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಸೀಮೆಎಣ್ಣೆ ನಾರುತ್ತಿತ್ತು. ಬೇರೆ ಯಾರಿಗೂ ಕೇಳದಂತೆ ಅವರು ಪಿಸುಗುಟ್ಟಿದರು: "ನಿನ್ನ ಲೆಕ್ಕ ಸರಿಯಾಗೇ ಇತ್ತು ಕಣಪ್ಪಾ. ನಿನ್ನ ಕೂಗು ಕೇಳಿ ಮುದುಕನೂ ಆಚೆ ಬರ್ತಾನೆ ಅಂದ್ಕೊಂಡಿದ್ದೆ."

ಹೌದಪ್ಪ ಎದ್ದುನಿಂತು ಕಿರುಚಿದ. "ಇವರೇ! ಇವರೇ ಬೆಂಕಿ ಹಾಕಿದ್ದು! ನನಗೆ ಗೊತ್ತು!"

ಕಾನ್‌ಸ್ಟೆಬಲ್ ಅವನನ್ನು ಹಿಡಿದು ಕೂರಿಸಿ, ಜೀಪಿನ ಬಾಗಿಲು ಎಳೆದುಕೊಂಡು ಕೇಳಿದ: "ಇದನ್ನ ಯಾರು ಹೇಳಿಕೊಟ್ರು ನಿನಗೆ?"