ಹಚ್ಚೆಗೊಂದು ಅರ್ಥ ಬೇಕಾಗಿದೆ

"ಏನಿಲ್ಲ, ಸುಮ್ನೆ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಂಜಿಯಣ್ಣ ಹಾಗೆನ್ನಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದವನ ಎಡತೋಳಿನ ಮೇಲೆ ಅಂಗೈ ಅಗಲದ ಕಪ್ಪು ಹಚ್ಚೆ ಕಂಡು ಹೆಂಡತಿ, "ರೀ, ಏನ್ರೀ ಇದು?" ಎಂದು ಬೆರಳು ಚಾಚಿದಳು. ಟವೆಲ್ಲನ್ನು ಮೇಲೆಳೆದುಕೊಳ್ಳುವ ಗಡಿಬಿಡಿಯಲ್ಲಿ ಅವನ ಬಾಯಿಂದ ಒಂದು ಮಾತು ಜಾರಿತು.

"ಅದಕ್ಕೊಂದು ಅರ್ಥ ಇದೆ ಕಣೇ."

"ಏನರ್ಥ?"

"ಸಂಜೆ ಹೇಳ್ತೀನಿ. ಒದ್ದೆ ಟವೆಲ್ಲಲ್ಲಿ ನಿಂತ್ಕೊಂಡು ಹೇಳೋ ಅಂಥ ಅರ್ಥ ಅಲ್ಲ ಅದು."

ಅವಳ ಮುಖ ಅರಳಿತು. ಅರಳಲು ಕಾರಣವಿತ್ತು. ಎದುರುಮನೆಯಾಕೆಯ ಗಂಡ ಈಚೆಗೆ ಎದೆಯ ಮೇಲೆ ಹೆಂಡತಿಯ ಮುಖವನ್ನೇ ಹಚ್ಚೆ ಹಾಕಿಸಿಕೊಂಡು ಬಂದಿದ್ದ. ಅಂದಿನಿಂದ ಆಕೆ ಗಂಡನಿಗೆ ಅಂಗಿಯ ಮೇಲಿನ ಗುಂಡಿಗಳನ್ನು ಹಾಕಿಕೊಳ್ಳಲು ಬಿಟ್ಟಿರಲಿಲ್ಲ. ಪಾಪ, ಅವನಿಗೆ ಶೀತ ಹಿಡಿದಿತ್ತು. ಅವನು ಕೆಮ್ಮಿದಾಗಲೆಲ್ಲ ಎದೆಯ ಮೇಲಿನ ಹೆಂಡತಿ ತಲೆಯಾಡಿಸುತ್ತಿದ್ದಳು.

"ಸಂಜೆ ಅವ್ರನ್ನೂ ಕರೀತೀನಿ. ಅವ್ರ ಮುಂದೇನೇ ಹೇಳ್ಬೇಕು ನೀವು," ಎಂದಳು ಹೆಂಡತಿ. "ಅವ್ರ ಯಜಮಾನ್ರು ಬರೀ ಮುಖ ಹಾಕಿಸ್ಕೊಂಡಿದ್ದು. ನೀವು ಅರ್ಥಾನೇ ಹಾಕಿಸ್ಕೊಂಡಿದೀರಿ!"

ಗಂಜಿಯಣ್ಣ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಬಿಗಿದು, ಕೆಲಸಕ್ಕೆ ಓಡಿದ.

ತೊಂದರೆ ಏನೆಂದರೆ, ಆ ಹಚ್ಚೆಗೆ ಅರ್ಥವೇ ಇರಲಿಲ್ಲ. ಹೆಂಡತಿಯ ತಮ್ಮ ಇದ್ದ ಒಳ್ಳೆಯ ಕೆಲಸವನ್ನು ಬಿಟ್ಟು, ಮನೆಯವರಿಗೆ ಗೊತ್ತಾಗದಂತೆ ಹಚ್ಚೆಯ ಅಂಗಡಿ ತೆರೆದಿದ್ದ. ಮೊದಲ ಗಿರಾಕಿಯಾಗಲು ಊರಿನಲ್ಲಿ ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ. "ಭಾವಾ, ಚಿಕ್ಕದೊಂದು ಹಕ್ಕಿ, ಅಷ್ಟೇ. ಅಕ್ಕಂಗೆ ಮಾತ್ರ ಹೇಳ್ಬೇಡಿ. ಕೆಲಸ ಬಿಟ್ಟಿದ್ದು ಗೊತ್ತಾದ್ರೆ ಚರ್ಮ ಸುಲೀತಾಳೆ" ಎಂದು ಕೈ ಹಿಡಿದುಕೊಂಡ. ಅವನ ಚರ್ಮ ಉಳಿಸಲು ಗಂಜಿಯಣ್ಣ ತನ್ನ ಚರ್ಮ ಚಾಚಿದ. ಹಕ್ಕಿಗೆ ಕೊಕ್ಕು ಬರುವ ಹೊತ್ತಿಗೆ ಸರಿಯಾಗಿ ಸೀನಿದ. ಅಡ್ಡಹೋದ ಗೆರೆಯನ್ನು ಮುಚ್ಚಲು ಭಾವಮೈದ ಇನ್ನೊಂದು ಗೆರೆ ಎಳೆದ. ಅದನ್ನು ಮುಚ್ಚಲು ಮತ್ತೊಂದು. ಕೊನೆಗೆ ಹಕ್ಕಿ ಹಾರಿಹೋಗಿ, ಅದರ ಜಾಗದಲ್ಲಿ ಏನೋ ಒಂದು ಬಂದು ಕೂತಿತ್ತು.

"ಇದು ಮಾಡರ್ನ್, ಭಾವಾ," ಎಂದು ಅವನು ಬೆವರು ಒರೆಸಿಕೊಂಡಿದ್ದ.

ಗಂಜಿಯಣ್ಣನ ಕೆಲಸ ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಅಂಗಿಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು. ಅವನ ಕೈಯಿಂದ ಹೊರಬಂದ ಅಂಗಿಗಳು ಒಳಗೆ ಮನುಷ್ಯನಿಲ್ಲದಿದ್ದರೂ ಎದೆ ಸೆಟೆಸಿ ನಿಲ್ಲುತ್ತಿದ್ದವು. ಆದರೆ ಅಷ್ಟೂ ಗಂಜಿ ಅಂಗಿಗಳಿಗೇ ಖರ್ಚಾಗಿ ಅವನಿಗೆಂದು ಒಂದು ಚಮಚವೂ ಉಳಿದಿರಲಿಲ್ಲ. ಯಾರು ಎಲ್ಲಿ ಮಡಚಿದರೆ ಅಲ್ಲಿ ಮಡಚಿಕೊಳ್ಳುವ ಆಸಾಮಿ.

ಲಾಂಡ್ರಿಯ ಉಗಿಯಲ್ಲಿ ಎಲ್ಲರೂ ತೋಳು ಮಡಚಿಯೇ ದುಡಿಯುವುದು. ಹಾಗಾಗಿ ಯಾರ ಮೈಮೇಲೆ ಯಾವ ಹಚ್ಚೆ ಇದೆ, ಅದರ ಹಿಂದಿನ ಕತೆ ಏನು ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ. ಹೊಸ ಹಚ್ಚೆ ಹಾಕಿಸಿಕೊಂಡು ಬಂದವರು ಚಹಾದ ಹೊತ್ತಿನಲ್ಲಿ ಅದರ ಅರ್ಥ ಹೇಳಿದ ಮೇಲೆಯೇ ಲೋಟಕ್ಕೆ ಚಹಾ ಬೀಳುತ್ತಿದ್ದುದು. ಇಂಥ ಕಡೆ ಒಂದು ಅರ್ಥ ಕಡ ಸಿಗದೇ ಹೋದೀತೇ ಎಂದು ಗಂಜಿಯಣ್ಣ ಲೆಕ್ಕ ಹಾಕಿದ.

ಮೊದಲು ಹಿಡಿದದ್ದು ಕಲಾವಿದರನ್ನು. ಬಟ್ಟೆಯ ಕಲೆ ತೆಗೆಯುವ ಹಿರಿಯರೊಬ್ಬರಿಗೆ ಲಾಂಡ್ರಿಯವರು ಇಟ್ಟ ಹೆಸರು ಅದು. ಬೇರೆ ಕಲಾವಿದರು ಕಲೆಯನ್ನು ಉಳಿಸಲು ಹೆಣಗಿದರೆ ಇವರು ಅಳಿಸಲು ಹೆಣಗುತ್ತಿದ್ದರು. ಮಾತೂ ಅಷ್ಟೇ, ಕಲೆಯ ಹಾಗೆ ನಿಧಾನಕ್ಕೆ ಬಿಡುವುದು.

"ಈ ಲಂಗರು... ಅಂದ್ರೇ... ನಾನು ಸಮುದ್ರ ನೋಡಿದೋನಲ್ಲಪ್ಪ," ಎಂದರು ಮುಂಗೈ ತೋರಿಸಿ. "ಮದುವೆಗೆ ಮುಂಚೆ ಊರೂರು ಅಲೀತಿದ್ದೆ. ಅವಳು ಬಂದ್ಲು. ಅಂದ್ರೇ... ಹಡಗು ನಿಲ್ತು."

ಇದನ್ನು ಕದಿಯಲು ಗಂಜಿಯಣ್ಣನಿಗೆ ಮನಸ್ಸು ಬರಲಿಲ್ಲ. ಬಟ್ಟೆ ಮಡಚುವ ಅಕ್ಕನ ಹತ್ತಿರ ಹೋದ. ಆಕೆ ಇವನ ಓಣಿಯವಳೇ. ಮಣಿಕಟ್ಟಿನಲ್ಲಿ ಸಾಲಾಗಿ ಮೂರು ಚುಕ್ಕೆ.

"ಮೂರು ಜನ ಅಕ್ಕತಂಗೀರು ನಾವು. ನಡುವಿನ ಚುಕ್ಕೆ ನಾನು," ಎಂದಳು ಹಾಸಿಗೆ ಬಟ್ಟೆ ಜಾಡಿಸುತ್ತ. "ಆ ಕಡೆಯವಳಿಗೂ ಈ ಕಡೆಯವಳಿಗೂ ಮಾತಿಲ್ಲ. ನಾನು ನಡುವೆ ಇರೋದಕ್ಕೆ ಇನ್ನೂ ಕೈಕೈ ಮಿಲಾಯಿಸಿಲ್ಲ."

ಗಂಜಿಯಣ್ಣನಿಗೆ ಅಕ್ಕತಂಗಿಯರೇ ಇಲ್ಲ. ವ್ಯಾನಿನ ಡ್ರೈವರನ ಮುಂದೆ ಹೋಗಿ ನಿಂತ. ಅವನ ಎಡಗೈಯಲ್ಲಿ ಒಂದು ಬಾಣ.

"ನಂದಕ್ಕೆ ಅರ್ಥ ಇಲ್ಲಣ್ಣ, ಉಪಯೋಗ ಇದೆ," ಎಂದ ಡ್ರೈವರ್. "ಎಡಕ್ಕೆ ತಿರುಗು ಅಂತಾರಲ್ಲ, ಆಗ ನೋಡ್ಕೋತೀನಿ."

"ಮತ್ತೆ ಬಲಕ್ಕೆ ಅಂದ್ರೆ?"

"ಬಾಣ ಇಲ್ದಿರೋ ಕೈ ನೋಡ್ಕೋತೀನಿ."

ಅಷ್ಟರಲ್ಲಿ ಸೂಪರ್ವೈಸರ್ ಮೇಡಂ ಬಂದರು. ಎತ್ತರಕ್ಕೆ ಕಟ್ಟಿದ ತುರುಬು, ಅದಕ್ಕೂ ಮುಂಚೆ ಬರುವ ಮೂಗು. ನಿಲ್ದಾಣದ ಧ್ವನಿವರ್ಧಕದಂತೆ ಅವರ ಮಾತು ಏರಿಳಿತವಿಲ್ಲದೆ ಹೊರಡುತ್ತಿತ್ತು, ಪ್ರತಿ ಪ್ರಕಟಣೆಯ ಕೊನೆಗೂ ಅದೇ ಒಂದು ಗಂಟಾನಾದ.

"ತುಂಬುತೋಳು ಹಾಕ್ಕೊಂಡು ಪ್ರೆಸ್ಸಿನ ಹತ್ರ ನಿಲ್ಲೋ ಹಾಗಿಲ್ಲ. ತೋಳು ಸಿಕ್ಕಿಹಾಕ್ಕೊಂಡ್ರೆ ಅಂಗಿ ಜೊತೆ ನೀವೂ ಇಸ್ತ್ರಿ ಆಗ್ತೀರಿ. ಅರ್ಥ ಆಯ್ತಾ?"

"ಅದೊಂದೇ ಇನ್ನೂ ಆಗಿಲ್ಲ, ಮೇಡಂ," ಎಂದು ಗಂಜಿಯಣ್ಣ ನಿಟ್ಟುಸಿರಿಟ್ಟು ತೋಳು ಮಡಚಿದ.

ಮುಗಿಯಿತು. ಸಕ್ಕರೆ ಚೆಲ್ಲಿದ ಕಡೆ ಇರುವೆ ಮುತ್ತುವಂತೆ ಎಲ್ಲರೂ ಮುತ್ತಿದರು. ಮಡಚುವ ಅಕ್ಕ ಅವನ ತೋಳನ್ನು ದಿಂಬಿನ ಚೀಲದ ಹಾಗೆ ಒಳಗೆ ಹೊರಗೆ ತಿರುಗಿಸಿ, "ಇದ್ರಲ್ಲಿ ಮೇಲ್ಗಡೆ ಯಾವ್ದು?" ಎಂದಳು. ಕಲಾವಿದರು ಕನ್ನಡಕ ಸರಿಪಡಿಸಿಕೊಂಡು, ಉಗುರಿನಿಂದ ಮೆಲ್ಲಗೆ ಕೆರೆದರು.

"ಶಾಯಿ ಅಲ್ಲ... ತುಕ್ಕೂ ಅಲ್ಲ... ಅಂದ್ರೇ... ಇದು ಚಹಾದ ಕೆಟ್ಲು! ಕುದಿದರೂ ಮಂದಿಗೆ ಬೆಚ್ಚಗೆ ಕೊಡ್ಬೇಕು ಅನ್ನೋ ಅರ್ಥ. ಹೌದಲ್ವೇನಪ್ಪಾ?"

"ಹೌದು, ಹೌದು," ಎಂದ ಗಂಜಿಯಣ್ಣ. ಇಷ್ಟು ಸಲೀಸಾಗಿ ಅರ್ಥ ಸಿಕ್ಕೀತೆಂದು ಅವನಿಗೇ ಗೊತ್ತಿರಲಿಲ್ಲ.

"ಕೆಟ್ಲಂತೆ ಕೆಟ್ಲು! ಮೊಟ್ಟೆ ಮೇಲೆ ಕೂತಿರೋ ಬಾತುಕೋಳಿ ಅದು," ಎಂದಳು ಅಕ್ಕ. "ನಿಮ್ಮಮ್ಮನ ನೆನಪಿಗೆ ಹಾಕಿಸ್ಕೊಂಡಿದೀರಿ ಅಲ್ವಾ ಗಂಜಿಯಣ್ಣ?" ಆಕೆಯ ಕಣ್ಣಲ್ಲಿ ಆಗಲೇ ನೀರು. ಕಣ್ಣೀರು ಹಾಕುವವರಿಗೆ ಇಲ್ಲವೆನ್ನುವುದು ಹೇಗೆ? ಅದಕ್ಕೂ ಹೌದೆಂದ.

"ಹಾಗಾದ್ರೆ ಇದು ರಸ್ತೆ ಸರ್ಕಲ್ಲು ಅಲ್ವಾ? ಇಲ್ನೋಡಿ, ಇದೇ ಮೇಲ್ಸೇತುವೆ," ಎಂದು ಡ್ರೈವರ್ ತೋಳಿನ ಮೇಲೆ ಬೆರಳು ಓಡಿಸಿ ಬಾಯಲ್ಲೇ ಹಾರ್ನೂ ಹೊಡೆದ. ಗಂಜಿಯಣ್ಣ ಅವನಿಗೂ ತಲೆಯಾಡಿಸಿದ. ಕೆಟ್ಲು, ಬಾತುಕೋಳಿ, ಮೇಲ್ಸೇತುವೆ ಮೂರೂ ಒಂದೇ ತೋಳಿನ ಮೇಲೆ ಜಗಳಕ್ಕೆ ನಿಂತವು.

"ಪಕ್ಕಕ್ಕೆ ಸರೀರಿ," ಎಂದಿತು ಧ್ವನಿವರ್ಧಕ.

ಮೇಡಂ ಬಗ್ಗಿ ನೋಡಿದರು. ಮೇಲೊಂದು ಗುಂಡನೆಯ ಉಬ್ಬು. ಮುಂದಕ್ಕೆ ಚಾಚಿದ ಒಂದು ಚೂಪು. ಅವರ ಕೈ ತನ್ನಷ್ಟಕ್ಕೆ ತಮ್ಮ ತುರುಬಿನ ಮೇಲೆ ಹೋಯಿತು, ಅಲ್ಲಿಂದ ಮೂಗಿಗೆ ಬಂತು.

"ಇದು... ನಾನಾ?"

ಬೆಳಗಿನಿಂದ ಎಲ್ಲರಿಗೂ ಆಡಿಸಿದ ತಲೆ. ಕತ್ತಿಗೆ ಅದೇ ರೂಢಿಯಾಗಿತ್ತು. ಗಂಜಿಯಣ್ಣ ತಡೆಯುವ ಮೊದಲೇ ಅದು ಮೇಲೆ ಕೆಳಗೆ ಆಡಿಬಿಟ್ಟಿತು.

ಮೇಡಂ ಮುಖ ಪ್ರೆಸ್ಸಿನಿಂದ ಆಗಷ್ಟೇ ತೆಗೆದ ಕರವಸ್ತ್ರದಂತೆ ಬಿಸಿಯಾಯಿತು. "ಇಷ್ಟು ವರ್ಷದಲ್ಲಿ ಒಬ್ರೂ ನನ್ನ ನೆಟ್ಟಗೆ ಮುಖ ಎತ್ತಿ ನೋಡಿದ್ದಿಲ್ಲ," ಎಂದು ಗೊಣಗಿ, "ಅರ್ಥ ಆಯ್ತು" ಎನ್ನುತ್ತ ತಮ್ಮ ಕೋಣೆಗೆ ನಡೆದುಬಿಟ್ಟರು. ಬಾಗಿಲ ಹಿಂದಿನಿಂದ ಯಾವುದೋ ರಾಗ ಗುನುಗುವುದು ಕೇಳಿಸಿತು.

"ಗಂಜಿಯಣ್ಣ," ಎಂದಳು ಅಕ್ಕ, ಕಣ್ಣೊರೆಸಿಕೊಂಡು. ಈಗ ಆ ಕಣ್ಣಲ್ಲಿ ಬೇರೆಯೇ ಹೊಳಪು. "ನಿಮ್ಮ ಮನೆಯವ್ರಿಗೆ ಗೊತ್ತಾ ಇದು?"

ಅಕ್ಕನ ಪಾಳಿ ಮುಗಿಯುವುದು ಅವನಿಗಿಂತ ಮೊದಲು. ಗಂಜಿಯಣ್ಣ ಕೊನೆಯ ಅಂಗಿಗೆ ಇಸ್ತ್ರಿ ಹಾಕಿ, ವ್ಯಾನು ಹತ್ತಿ, ಡ್ರೈವರ್ ಕೈ ನೋಡಿಕೊಂಡು ನೋಡಿಕೊಂಡು ತಿರುಗಿಸಿ ಮನೆ ಮುಟ್ಟಿಸುವ ಹೊತ್ತಿಗೆ ಸುದ್ದಿ ಮೊದಲೇ ಬಂದು ಊಟ ಮುಗಿಸಿ ಕೈತೊಳೆದಿತ್ತು. ನಡುಮನೆಯಲ್ಲಿ ಮಡಚುವ ಅಕ್ಕ. ಸೋಫಾದ ಮೇಲೆ ಎದುರುಮನೆಯಾಕೆ, ಪಕ್ಕದಲ್ಲಿ ಗುಂಡಿ ಬಿಚ್ಚಿದ ಗಂಡ, ಅವನ ಎದೆಯ ಮೇಲೆ ಮತ್ತೊಮ್ಮೆ ಎದುರುಮನೆಯಾಕೆ. ನಡುವೆ ನಿಂತ ಹೆಂಡತಿಯ ಸೆರಗು ಸೊಂಟಕ್ಕೆ ಏರಿತ್ತು.

"ಬನ್ನಿ. ತೋಳು ಮಡಚಿ. ಯಾರ ಮುಖ ಅದು?"

"ಮುಖ ಅಲ್ಲ ಕಣೇ..."

"ಬಾತುಕೋಳಿ ಅಂದ್ರಲ್ಲ ನನ್ಹತ್ರ!" ಎಂದಳು ಅಕ್ಕ.

"ಮೇಲ್ಸೇತುವೆ ಅಂದ್ರು," ಎಂದ ಡ್ರೈವರ್, ಬಾಗಿಲಿನಿಂದ.

"ನಮ್ಮವ್ರದು ನೋಡಿ, ಯಾರಿಗೂ ಡೌಟೇ ಬರಲ್ಲ," ಎಂದಳು ಎದುರುಮನೆಯಾಕೆ. ಗಂಡ ಕೆಮ್ಮಿದ. ಇಬ್ಬರು ಹೆಂಡತಿಯರೂ ತಲೆಯಾಡಿಸಿದರು.

ಹೆಂಡತಿಯ ಗದ್ದ ಸಣ್ಣಗೆ ನಡುಗುವುದು ಗಂಜಿಯಣ್ಣನಿಗೆ ಕಾಣಿಸಿತು. ಅದನ್ನು ನೋಡಿದ ಮೇಲೆ ಅವನಿಗೆ ಭಾವಮೈದನಿಗೆ ಕೊಟ್ಟ ಮಾತೂ ನೆನಪಿಗೆ ಬರಲಿಲ್ಲ.

"ಅರ್ಥ ಇಲ್ಲ ಕಣೇ ಅದಕ್ಕೆ! ನಿನ್ನ ತಮ್ಮ ಕೆಲಸ ಬಿಟ್ಟು ಹಚ್ಚೆ ಅಂಗಡಿ ಇಟ್ಟಿದಾನೆ. ಒಬ್ಬ ಗಿರಾಕೀನೂ ಬರ್ಲಿಲ್ಲ. ಅಳೋ ಹಾಗಾಗಿದ್ದ. ತೋಳು ಕೊಟ್ಟೆ. ಹಕ್ಕಿ ಬರೀತಿದ್ದ, ಸೀನಿಬಿಟ್ಟೆ. ಅಷ್ಟೇ. ಇದು ಯಾವುದೂ ಅಲ್ಲ, ಬರೀ ಸೀನು!"

ಹೆಂಡತಿ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನೋಡುತ್ತಲೇ ನಿಂತಳು.

"ಚಿಕ್ಕಂದಿನಿಂದ ಗೋಡೆ ತುಂಬ ಗೀಚ್ತಿದ್ದ," ಎಂದಳು ಕೊನೆಗೆ. "ಅಂಗಡಿ ಇಡ್ತೀನಿ ಅಂದಾಗ ಅಪ್ಪ ನಕ್ರು. ನಾನೂ ನಕ್ಕೆ. ನೀವೊಬ್ರೇ ತೋಳು ಕೊಟ್ಟಿದ್ದು." ಆಮೇಲೆ ಸೋಫಾದ ಕಡೆ ತಿರುಗಿದಳು. ದನಿ ಗಟ್ಟಿಯಾಯಿತು. "ನೋಡಿದ್ರಾ? ನಿಮ್ಮವ್ರು ಚೆನ್ನಾಗಿ ಬರೆಯೋರ ಹತ್ರ ಕೂತ್ರು. ಅದೇನು ಮಹಾ? ನಮ್ಮವ್ರು ಬರೆಯೋಕೆ ಬರದೇ ಇರೋನ ಹತ್ರ ಕೂತ್ರು! ಅದೂ ನನ್ನ ತಮ್ಮ ಅನ್ನೋ ಒಂದೇ ಕಾರಣಕ್ಕೆ. ಇದಕ್ಕಿಂತ ಅರ್ಥ ಬೇಕಾ?"

ಎದುರುಮನೆಯಾಕೆ ಆಮೇಲೆ ಗಂಡನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಪಾಪ, ಅವನು ಎಷ್ಟೋ ದಿನಗಳ ಮೇಲೆ ಬೆಚ್ಚಗಾದ.

"ಮೇಡಂಗೆ ಮಾತ್ರ ನಾನು ಹೇಳಲ್ಲಪ್ಪ," ಎಂದು ಅಕ್ಕ ಹೊರಟು ನಿಂತಳು. "ಮಧ್ಯಾಹ್ನದಿಂದ ಒಬ್ರನ್ನೂ ಬೈದಿಲ್ಲ. ಇರ್ಲಿ ಬಿಡಿ ಆ ಮುಖ ಹಾಗೇ."

ಎಲ್ಲರೂ ಹೋದ ಮೇಲೆ ಗಂಜಿಯಣ್ಣ ಕಾಲು ಚಾಚಿ ಕೂತ. ಮನೆ ಹಗುರಾಗಿತ್ತು. ಒಳಗೆ ಹೆಂಡತಿ ಫೋನಿನಲ್ಲಿ ತವರಿನವರಿಗೆಲ್ಲ ಈ ತೋಳಿನ ಕತೆ ಹೇಳುತ್ತಿದ್ದಳು. ಒಂದೊಂದು ಫೋನಿಗೂ ತೋಳು ಒಂದೊಂದು ಗೇಣು ಉದ್ದವಾಗುತ್ತಿತ್ತು. ಕೇಳಲು ಹಿತವಾಗಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ತನಗೂ ಸ್ವಲ್ಪ ಗಂಜಿ ಹಾಕಿದಂತೆ ಅವನ ಬೆನ್ನು ನೆಟ್ಟಗಾಯಿತು.

ಹೆಂಡತಿ ಹೊರಬಂದಳು. ಮುಖ ಬೆಳಗುತ್ತಿತ್ತು.

"ರೀ, ಎಲ್ರೂ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ನಮ್ಮ ಚಿಕ್ಕಪ್ಪನ ಮಗಳು ಅತ್ತೇಬಿಟ್ಲು. ಅವಳು ಕೂದಲು ಕತ್ತರಿಸೋದು ಕಲೀತಿದಾಳಂತೆ, ಯಾರೂ ತಲೆ ಕೊಡ್ತಿಲ್ವಂತೆ. ಭಾನುವಾರ ಬೆಳಿಗ್ಗೆ ಬಾ ಅಂದೆ."

"ಭಾನುವಾರ..."

"ಬೆಳಿಗ್ಗೆ ಅಷ್ಟೇ. ಮಧ್ಯಾಹ್ನ ನಮ್ಮ ಸೋದರಮಾವನ ಮಗ ಬರ್ತಾನೆ. ಹಲ್ಲಿನ ಡಾಕ್ಟ್ರು ಓದ್ತಿದಾನಲ್ಲ, ಪಾಪ, ಇದುವರೆಗೂ ಒಂದು ಹಲ್ಲೂ ಕಿತ್ತಿಲ್ವಂತೆ. ಜಾಸ್ತಿ ಏನೂ ಬೇಡ್ವಂತೆ ರೀ, ಒಂದೇ ಒಂದು ಸಾಕಂತೆ. ಚೆನ್ನಾಗಿರೋ ಹಲ್ಲಾದ್ರೂ ಪರವಾಗಿಲ್ವಂತೆ."

ಏನಾದರೂ ಹೇಳಲೇಬೇಕೆಂದು ಗಂಜಿಯಣ್ಣ ಬಾಯಿ ತೆರೆದ. ಹೆಂಡತಿ ಬಗ್ಗಿ ಒಳಗೆ ಇಣುಕಿ, ಯಾವುದಾದೀತು ಎಂದು ನೋಡತೊಡಗಿದ್ದು ಕಂಡು, ಗಪ್ಪನೆ ಮುಚ್ಚಿಕೊಂಡ.